ಕ್ವಾಬೆನಾ ಮಾಸ್ಟರ ಹಸಿದ ಹುಡುಗಿ

ಕ್ವಾಬೆನಾ ಅಂಪೋಫೊ ಕತಾರಿನ ಅಲ್ ಖೋರ್‌ನಲ್ಲಿ ವಾಸ, ರಾಸ್ ಲಫಾನ್‌ನ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಬೋಲ್ಟು, ಕೈಗವಸು ಎಣಿಸಿ ಕೊಡುವುದು ಕೆಲಸ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಘಾನಾದ ಕಡಲೂರಿನಲ್ಲಿ ಮೀಸೆ ಮೂಡುವ ಮೊದಲೇ ಅಜ್ಜಿಯ ವೇಷ ಹಾಕಿದವನು ಅವನು. ಆಮೇಲೆ ತಾನೇ ಬರೆದು, ತಾನೇ ಆಡಿಸಿ, ಬ್ಯಾಂಡು ಬಜಾನೆಯೊಂದಿಗೆ ತಂಡವನ್ನು ಲಾರಿಗೆ ಹತ್ತಿಸಿಕೊಂಡು ಊರೂರು ಸುತ್ತಿದ. ಮನೆಮನೆಗೆ ವಿಡಿಯೊ ಬಂತು, ಲಾರಿ ನಿಂತಿತು, ಅವನು ಕತಾರಿನ ವಿಮಾನ ಹತ್ತಿದ.

ಅವನ ಊರಿನ ನಾಟಕಕ್ಕೊಂದು ರಿವಾಜಿದೆ. ರಂಗದ ಮೇಲೆ ಯಾರಾದರೂ ಅತ್ತರೆ ನೋಡುವವರು ಸುಮ್ಮನೆ ಕೂರುವುದಿಲ್ಲ. ಎದ್ದು ಹೋಗಿ ಕಿತ್ತಳೆಯೋ ಬ್ರೆಡ್ಡೋ ಕೈಗಿಟ್ಟು, ಖಳನಿಗೆ ನಾಲ್ಕು ಬೈದು ಬರುತ್ತಾರೆ. ಯಾರೂ ಏಳದಿದ್ದರೆ ನಾಟಕ ಬಿತ್ತು ಎಂದೇ ಅರ್ಥ. ದೋಹಾದಲ್ಲಿ ಅವನು ಎರಡು ಸಲ ಇಂಗ್ಲಿಷಿನಲ್ಲಿ ಆಡಿಸಿ ನೋಡಿದ. ಬಂದವರು ಬಹಳ ಮರ್ಯಾದಸ್ಥರು, ಚಪ್ಪಾಳೆ ತಟ್ಟಿ ಕಾರು ಹತ್ತಿದರು.

"ಇನ್ನೊಂದು ಸಲ ಹೀಗಾದರೆ ಖಲಾಸ್. ಮತ್ತೆ ನಾಟಕ ಬರೆಯುವುದಿಲ್ಲ," ಎಂದು ಒಂದು ದಿನ ಕಂಪನಿ ಬಸ್ಸಿನಲ್ಲಿ ಯಜ್ಞೇಶನ ಹತ್ತಿರ ಹೇಳಿಕೊಂಡ. ಹೇಳುವಾಗ ನಗಲಿಲ್ಲ.

ಯಜ್ಞೇಶ ಸುರತ್ಕಲ್ ಕಡೆಯವನು. ಹಗಲು ಆಫೀಸಿನ ಗುಮಾಸ್ತ, ಇಲ್ಲಿನ ಕನ್ನಡ ಸಂಘದ ನಾಟಕದಲ್ಲಿ ಕಾಯಂ ಹೆಣ್ಣುವೇಷ. "ನಮ್ಮ ಸಂಘದಲ್ಲಿ ಆಡಿಸಿ ಮಾಸ್ಟರ್, ಕನ್ನಡ ನಾನು ಮಾಡ್ತೇನೆ. ಆದ್ರೆ ಜನ ಏಳುದೆಲ್ಲ ಮಾಫಿ, ಇಲ್ಲವೇ ಇಲ್ಲ. ನಮ್ಮವರು ಏಳುದು ಊಟಕ್ಕೆ ಮಾತ್ರ," ಎಂದ.

ಬಸ್ಸಿನಲ್ಲಿ ಹೋಗುತ್ತ ಬರುತ್ತ ನಾಟಕ ಕನ್ನಡವಾಯಿತು. ಸಾರಿನ ಪಾತ್ರೆ ಬಚ್ಚಿಟ್ಟು ಮಗುವನ್ನು ಉಪವಾಸ ಕೆಡಹುವ ಮಲತಾಯಿಯ ಕಥೆ. ಮಲತಾಯಿ ಯಜ್ಞೇಶ, ಹುಡುಗಿ ಅವನ ಮಗಳು ನಿಶ್ಮಿತಾ. ಇಂಗ್ಲಿಷ್ ಶಾಲೆಯ ಹುಡುಗಿ, ಕನ್ನಡ ತಡವರಿಸುತ್ತಾಳೆ ಎಂದು ಅಪ್ಪನಿಗೆ ಚಿಂತೆ. "ಹಸಿದವರು ಹೆಚ್ಚು ಮಾತಾಡುವುದಿಲ್ಲ," ಎಂದು ಕ್ವಾಬೆನಾ ಅವಳ ಮಾತುಗಳನ್ನೆಲ್ಲ ಹೊಡೆದು ಹಾಕಿದ. ಕನ್ನಡ ಒಂದಕ್ಷರ ಬಾರದ ಪುಣ್ಯಾತ್ಮ, ತಾಲೀಮಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ. ದನಿ ಟೊಳ್ಳಾದ ಕಡೆ ತಪ್ಪದೆ "ಮತ್ತೊಮ್ಮೆ" ಎನ್ನುತ್ತಿದ್ದ. ಎಲ್ಲರಿಗೂ ಒಂದೇ ಕಟ್ಟಪ್ಪಣೆ: ಯಾರಾದರೂ ರಂಗಕ್ಕೆ ಹತ್ತಿದರೆ ಓಡಿಸಬೇಡಿ, ಆಟ ನಿಲ್ಲಿಸಬೇಡಿ.

ನಾಟಕದ ದಿನ ಮೊದಲು ಭಾಷಣ, ಆಮೇಲೆ ಶಾಲು, ಮತ್ತೆ ಭಾಷಣ. ಅಂತೂ ಪರದೆ ಸರಿಯಿತು. ಕ್ವಾಬೆನಾ ಪಕ್ಕದ ಪರದೆಯ ಮರೆಯಲ್ಲಿ ನಿಂತು ಸಭೆಯನ್ನೇ ನೋಡುತ್ತಿದ್ದ. ಎಲ್ಲರೂ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಒಬ್ಬರೂ ಮಿಸುಕಲಿಲ್ಲ. ಇದೇ ಕೊನೆಯ ನಾಟಕ ಎಂದುಕೊಂಡ.

ರಂಗದ ಮೇಲೆ ಗಂಡ ಮನೆಗೆ ಬಂದು ಕೇಳಿದ, "ಮಗು ಉಂಡಿತಾ?"

"ಹೊಟ್ಟೆ ತುಂಬ," ಎಂದ ಸೀರೆಯುಟ್ಟ ಯಜ್ಞೇಶ.

"ಸುಳ್ಳು! ಪಾತ್ರೆ ಮಂಚದ ಅಡಿಯಲ್ಲುಂಟು!"

ಮುಂದಿನ ಸಾಲಿನಲ್ಲಿ ಎದ್ದು ನಿಂತವರು ಪೂವಕ್ಕ, ಯಜ್ಞೇಶನ ತಾಯಿ. ವಿಸಿಟ್ ವೀಸಾದಲ್ಲಿ ಬಂದು ವಾರವೂ ಆಗಿರಲಿಲ್ಲ. ಕಾರ್ಯದರ್ಶಿ ಟ್ರೆವರ್ ಅವರನ್ನು ಕೂರಿಸಲು ಓಡಿದ. ಕ್ವಾಬೆನಾ ಹಾರಿ ಬಂದು ಅವನ ಅಂಗಿ ಹಿಡಿದು ಜಗ್ಗಿದ.

ಪೂವಕ್ಕ ಸಂಘದವರು ಕೊಟ್ಟ ತಿಂಡಿ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿಯೇ ಬಿಟ್ಟರು. "ತಿನ್ನು ಮಗಾ. ಇವಳ ಹತ್ರ ಕೇಳ್ಬೇಡ," ಎಂದು ಮೊಮ್ಮಗಳ ಮಡಿಲಿಗಿಟ್ಟು ಮಗನ ಕಡೆ ತಿರುಗಿದರು. "ನಾಚಿಕೆ ಆಗುದಿಲ್ವಾ ನಿಂಗೆ? ಇದಕ್ಕಾ ನಿನ್ನನ್ನು ಸಾಕಿದ್ದು?"

ಯಜ್ಞೇಶನಿಗೆ ಕಟ್ಟಪ್ಪಣೆ ನೆನಪಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಮ್ಮ ಮನೆ ವಿಷಯ ನಿಮಗೆಂಥಕ್ಕೆ ಅಜ್ಜೀ?" ಎಂದ.

ಸಭೆ ಬಿದ್ದು ಬಿದ್ದು ನಕ್ಕಿತು. ಆದರೆ ಪೂವಕ್ಕ ನಗಲಿಲ್ಲ, ಹುಡುಗಿಯೂ ನಗಲಿಲ್ಲ. ಅವಳು ಅಂಬಡೆ ಮುರಿದು ಬಾಯಿಗಿಟ್ಟ ರೀತಿ ಕಂಡು ನಗು ಅಡಗಿತು. ಅಲ್ ವಕ್ರಾದಿಂದ ಬಂದಿದ್ದ ಆಯಿಷಮ್ಮ ಜ್ಯೂಸ್ ಬಾಟಲಿ ಹಿಡಿದು ಎದ್ದರು. ಅವರ ಹಿಂದೆ ಇನ್ನೊಬ್ಬರು. ಹಿಂದಿನ ಸಾಲಿನಿಂದ ಮಲತಾಯಿಗೆ ಬೈಗುಳದ ಮಳೆ. ಪರದೆಯ ಮರೆಯಲ್ಲಿ ಕ್ವಾಬೆನಾ ಮುಖ ಮುಚ್ಚಿಕೊಂಡು ಅತ್ತ, ಅಳುತ್ತಲೇ ಕುಣಿದ. ಅಷ್ಟು ಸಂತೋಷ ಅವನಿಗೆ ಈ ದೇಶದಲ್ಲಿ ಆದದ್ದೇ ಇಲ್ಲ.

ಆಟ ಮುಗಿದ ಮೇಲೆ ಪೂವಕ್ಕ ಅವನನ್ನು ಹುಡುಕಿಕೊಂಡು ಬಂದರು. ಕೋಪ ಇನ್ನೂ ಇಳಿದಿರಲಿಲ್ಲ.

"ಇದನ್ನು ಬರೆದದ್ದು ನೀನಾ? ಆ ಮಗುವಿಗೆ ಒಂದು ತುತ್ತು ಕೊಡ್ಸಲಿಕ್ಕೆ ಆಗ್ಲಿಲ್ವಾ ನಿಂಗೆ?"

ಯಜ್ಞೇಶ ಮುಖದ ಬಣ್ಣ ಒರೆಸುತ್ತ ಇಂಗ್ಲಿಷಿನಲ್ಲಿ ತಿಳಿಸಿದ. ಕ್ವಾಬೆನಾ ಪೂವಕ್ಕನ ಎರಡೂ ಕೈ ಹಿಡಿದುಕೊಂಡ.

"ಅಮ್ಮನಿಗೆ ಹೇಳು, ನಾಳೆಯೇ ಹೊಸ ನಾಟಕ ಶುರು ಮಾಡುತ್ತೇನೆ," ಎಂದ. "ಅದರಲ್ಲೂ ಕೊಡಿಸುವುದಿಲ್ಲ."