ಪೀರಬಿ ಕಟ್ಟಿದ ಮಾತು

ಸಾಲೋಟಗಿಯಾಚೆಯ ಸಣ್ಣ ಊರೊಂದರಲ್ಲಿ ಮಾನಪ್ಪ ಮಾಸ್ತರರು ನಾಲ್ಕೂ ಇಯತ್ತೆಗೆ ಒಬ್ಬರೇ ಪಾಠ ಹೇಳುತ್ತಿದ್ದರು. ಗಟ್ಟಿ ಮನುಷ್ಯ. ಶಾಲೆ ತಪಾಸಣೆಯ ಸಾಹೇಬರನ್ನು ಕಂಡರೆ ಮಾತ್ರ ನಾಲಿಗೆ ಒಣಗುತ್ತಿತ್ತು. ೧೯೫೮ರಲ್ಲಿ ಅವರಿಗಿದ್ದ ಆಸೆ ಒಂದೇ: ಗೌಂಡಿ ರಸೂಲಸಾಬನ ಮಗಳು ಪೀರಬಿ ಇಂಡಿಗೆ ಹೋಗಿ ಐದನೆಯ ಇಯತ್ತೆ ಕಲಿಯಬೇಕು. ತಿಂಗಳುಗಟ್ಟಲೆ ಬೆನ್ನು ಹತ್ತಿ ಅವನನ್ನು ಅರ್ಧ ಒಪ್ಪಿಸಿದ್ದರು.

"ಸಾಹೇಬ್ರು ಶಾಣ್ಯಾಕಿ ಅಂತ ಬರದು ಸಹಿ ಹಾಕಿದ್ರ ಕಳಸ್ತೇನ್ರಿ. ಇಲ್ಲಂದ್ರ ಇಲ್ಲ," ಎಂದಿದ್ದ ರಸೂಲಸಾಬ.

ಒದ್ದೆ ಪಾಟಿಯ ಮೇಲೆ ಬರೆದದ್ದು ಕಾಣುವುದಿಲ್ಲ. ಬಿಸಿಲಿಗೆ ಹಿಡಿದರೆ ಒಂದೊಂದೇ ಅಕ್ಷರ ಮೇಲೇಳುತ್ತದೆ. ಆ ನಡುವಿನ ಹದಕ್ಕೆ ಹೆಸರಿಲ್ಲವೆಂದು ಪೀರಬಿ ತಾನೇ ಒಂದು ಮಾತು ಕಟ್ಟಿದಳು: ಜಿಮುಕ. ಎಂಟು ದಿನದಲ್ಲಿ ಶಾಲೆಯೆಲ್ಲ ಜಿಮುಕ ಅಂದಿತು, ತಿಂಗಳಲ್ಲಿ ಊರೇ ಅಂದಿತು. ಮಾಸ್ತರರ ಹೆಂಡತಿ ರೇಣವ್ವನೂ ಸಾರಿಸಿದ ನೆಲ ತೋರಿಸಿ, "ಕಾಲಿಡಬ್ಯಾಡ್ರಿ, ಇನ್ನಾ ಜಿಮುಕ ಐತಿ," ಅಂದಳು. ಮಾಸ್ತರರು ನಕ್ಕು ಹಿಂದೆ ಸರಿದರು.

ತಪಾಸಣೆಗೆ ಬಂದ ಸಾಹೇಬರು ಶುದ್ಧಲೇಖನ ಹೇಳಿದರು. ಪೀರಬಿ ಪಾಟಿ ಒರೆಸಿ ಬರೆದಳು. ಸಾಹೇಬರು ಕೈ ಚಾಚಿ ಇಸಿದುಕೊಂಡರು.

"ಏನೂ ಕಾಣವಲ್ದಲ್ಲ?"

"ಜಿಮುಕ ಐತ್ರಿ."

"ಯಾವ ಪುಸ್ತಕದಾಗ ಐತಿ ಈ ಮಾತು?"

"ನಾನ ಮಾಡೇನ್ರಿ."

ಹುಡುಗರು ಕಿಸಕ್ಕೆಂದರು. ಸಾಹೇಬರು ಮಾಸ್ತರರತ್ತ ತಿರುಗಿದರು. "ಇದನ್ನ ಏನ್ ಕಲಿಸೀರಿ ನೀವು?"

ಹೇಳಲು ಹತ್ತು ಮಾತಿದ್ದವು. ಬಾಯಿಗೆ ಬಂದದ್ದು, "ತಡೀರಿ ಸಾಹೇಬ್ರ, ಜಿಮುಕ ಹೋದ್ರ ಮುತ್ತಿನಂಗ ಕಾಣ್ತಾವ."

ಸಾಹೇಬರು ತಡೆಯಲಿಲ್ಲ. ಮಾಸ್ತರನಿಗೇ ಶುದ್ಧ ಭಾಷೆ ಬಾರದು, ಹುಡುಗಿ ಮುಂದಕ್ಕೆ ಯೋಗ್ಯಳಲ್ಲ ಎಂದು ಬರೆದು ಚಕ್ಕಡಿ ಏರಿದರು. ಅಷ್ಟರಲ್ಲಿ ಪಾಟಿ ಒಣಗಿತ್ತು. ಒಂದೂ ತಪ್ಪಿಲ್ಲ. ಮಾಸ್ತರರು ಅದನ್ನು ಎರಡೂ ಕೈಯಲ್ಲಿ ಹಿಡಿದು ಊರ ಅಗಸಿಯ ತನಕ ಓಡಿದರು.

"ಒಮ್ಮಿ ನೋಡ್ರಿ ಸಾಹೇಬ್ರ."

ಚಕ್ಕಡಿ ನಿಲ್ಲಲಿಲ್ಲ.

ಸಂಜೆ ರಸೂಲಸಾಬ ಬಂದ. "ಸಹಿ ಆತೇನ್ರಿ?"

"ಇಲ್ಲಪಾ. ತಪ್ಪು ನಂದ."

"ನಿಮ್ದೇನ್ ತಪ್ಪು ಬಿಡ್ರಿ. ಆಕಿ ಹಣ್ಯಾಗ ಇಲ್ಲ. ನಾಳಿಂದ ನನ್ನ ಸಂಗಾಟ ಕಲ್ಲು ಮಣ್ಣು ಹೊರ್ಲಿ."

ಮರುದಿನ ಮಾಸ್ತರರು ಹಾಜರಿ ಹಿಡಿದು ಪೀರಬಿಯ ಹೆಸರು ಕೂಗಿದರು. ಸ್ವಲ್ಪ ಹೊತ್ತು ಬಾಗಿಲು ನೋಡಿ, ಮುಂದಿನ ಹೆಸರು ಕೂಗಿದರು.