ಅಪ್ಪನ ದಸ್ತಖತ್ತು

ಕಾಲೇಜಿಗೆ ನನ್ನ ಹೆಸರು ಹಚ್ಚುವ ಮೊದಲು ತಾನೊಮ್ಮೆ ಅದನ್ನು ಕಣ್ಣಾರೆ ನೋಡಬೇಕು ಎಂದು ಅಪ್ಪ ಹಟ ಹಿಡಿದ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಮೆಟ್ರಿಕ್ ಪಾಸಾದ ಹುಡುಗಿ. ಸೋದರತ್ತೆ ಹುಮನಾಬಾದಿನಲ್ಲಿದ್ದಳು, ಅವಳ ಮನೆಯಲ್ಲಿದ್ದು ಓದಬಹುದೆಂಬುದು ಅವ್ವನ ಯೋಜನೆ. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ದಿನ ದೂಡಿ ದೂಡಿ, ಅರ್ಜಿ ಕೊಡುವ ಕಡೆಯ ದಿನ ಹೊರಟ. ನಮ್ಮೂರು ಮೋರಖಂಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಹುಮನಾಬಾದಿಗೆ ಬಸ್ಸು. ಬೇಡವೆನ್ನಲು ಕಾರಣ ಹುಡುಕುತ್ತಿದ್ದಾನೆ ಎಂದೇ ನಾನು ತಿಳಿದೆ.

ಕಾಲೇಜಿನ ಗೇಟಿನಲ್ಲಿದ್ದ ಮುದಿ ಜವಾನ ನಮ್ಮನ್ನು ಒಳಗೆ ಕರೆದೊಯ್ದ. ಅಪ್ಪ ಹೆಣ್ಣು ಕೊಡುವ ಮನೆ ನೋಡಲು ಬಂದವನಂತೆ ಎಲ್ಲವನ್ನೂ ನೋಡಿದ. ಬಾವಿಗೆ ಬಗ್ಗಿದ. ಹಿಂದಿನ ಗೋಡೆಯ ಪಕ್ಕ ನಿಂತು ಅದರ ಎತ್ತರವನ್ನು ತನ್ನ ಎದೆಗೆ ಹೋಲಿಸಿದ.

“ಹುಡುಗ್ಯಾರು ಎಷ್ಟ್ ಮಂದಿ ಅದಾರ್ರಿ?”

“ಆರು ಮಂದಿ ಅದಾರ್ರಿ.”

“ಗಂಡುಹುಡುಗ್ರು?”

ಜವಾನ ನಕ್ಕ. “ಅವ್ರನ್ನ ಯಾರ್ ಎಣಿಸ್ಯಾರ್ರಿ? ಒಂದ್ ಕಡಿ ಕುಂತ್ರ ಎಣಿಸಬೇಕು!”

ಅಪ್ಪ ನಗಲಿಲ್ಲ. ಪ್ರಯೋಗಶಾಲೆಯ ಬಾಗಿಲಲ್ಲಿ, ಗಾಜಿನ ಭರಣಿಯಲ್ಲಿದ್ದ ಹಾವನ್ನು ಕಂಡು ಅವನು ನಿಂತ.

“ಇದನ್ಯಾಕ ಇಟ್ಟಾರ?”

“ಕಲಿಯಾಕ್ರಿ.”

“ಹಾವು ನೋಡಾಕ ಇಲ್ಲೀತನ ಬರಬೇಕಾ? ನಮ್ಮ ಬಣವ್ಯಾಗ ಭಾಳ ಅದಾವ,” ಎಂದ. ಅದು ಹಾಸ್ಯವೋ ತೀರ್ಮಾನವೋ ತಿಳಿಯದೆ ನಾನು ಅವನ ಹಿಂದೆ ನಡೆದೆ.

ಆಫೀಸಿನ ಕಿಟಕಿಯಲ್ಲಿ ಮೈಸೂರು ಕಡೆಯ ಎಳೆಯ ಗುಮಾಸ್ತನಿದ್ದ. ನಾನು ಫಾರಂ ತುಂಬಿದೆ. ಪಾಲಕರ ಜಾಗದಲ್ಲಿ ಅಪ್ಪ ಪೆನ್ನು ಊರಿ, ಬಲದಿಂದ ಎಡಕ್ಕೆ, ಒಂದೇ ಉಸಿರಿಗೆ ಸಹಿ ಮಾಡಿದ. ನಿಜಾಮರ ಕಾಲದ ಶಾಲೆಯಲ್ಲಿ ಅವನು ನಾಲ್ಕು ವರ್ಷ ಕಲಿತದ್ದೆಲ್ಲ ಉರ್ದು. ಊರಲ್ಲಿ ಹಳೆಯ ಜಮೀನು ಕಾಗದ ಓದಿಸಲು ಜನ ನಮ್ಮ ಕಟ್ಟೆಗೇ ಬರುತ್ತಿದ್ದರು.

“ಏನಿದು ಗೀಚಿದ್ದೀರಿ?” ಗುಮಾಸ್ತ ಕೇಳಿದ.

“ನನ್ನ ದಸ್ತಖತ್ ರಿ.”

“ನಂಗೆ ಓದೋಕೆ ಬರದ ಸಹಿ ತಗೊಂಡು ನಾಳೆ ನಾನು ಸಿಕ್ಕಿಹಾಕ್ಕೊಳ್ಳಲಾ? ಹೆಬ್ಬೆಟ್ಟು ಒತ್ತಿ. ಇಲ್ಲಾಂದ್ರೆ ಫಾರಂ ವಾಪಸ್ ತಗೊಂಡು ಹೋಗಿ.”

ಶಾಯಿ ಡಬ್ಬಿಯನ್ನು ಮುಂದೆ ತಳ್ಳಿದ. ಅಪ್ಪನಿಗೆ ಕಾರಣ ಸಿಕ್ಕಿತು, ಇನ್ನು ನನ್ನ ಕೈ ಹಿಡಿದು ಹೊರಗೆ ನಡೆಯುತ್ತಾನೆ ಎಂದುಕೊಂಡೆ. ಅಪ್ಪನ ಮುಖ ಆಗ ಹೇಗಿತ್ತೆಂದು ಬರೆಯಲಾರೆ. ನಾನು ನೋಡುತ್ತಿದ್ದದ್ದು ಆ ಡಬ್ಬಿಯನ್ನು.

“ನಾ ಅಂಗೂಠಾಛಾಪ್ ಅಲ್ರಿ, ಸಾಲಿ ಕಲ್ತಾಂವ,” ಎಂದ ಅಪ್ಪ. ನನ್ನ ಕಡೆ ತಿರುಗಿದ. “ನನ್ನ ಹೆಸರ ಕನ್ನಡದಾಗ ಬರದ್ ಕೊಡು.”

ಅಂಕಪಟ್ಟಿಯ ಲಕೋಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟೆ. ಅವನು ಉರ್ದು ಸಹಿಯ ಮೇಲೆ ಒಂದು ಗೆರೆ ಎಳೆದ. ಪೆನ್ನು ಅಭ್ಯಾಸದಂತೆ ಬಲತುದಿಗೆ ಹೋಯಿತು, ನಿಂತಿತು, ಎಡಕ್ಕೆ ಬಂತು. ಮೊದಲ ಅಕ್ಷರಕ್ಕೆ ಕಾಗದ ಚೂರು ಹರಿಯಿತು. ಗುಮಾಸ್ತ ಗಡಿಯಾರ ನೋಡಿದ. ಸಾಲಿನಲ್ಲಿ ಯಾರೋ ಕೂಗಿದರು:

“ಏ ಕಾಕಾ, ಪರೀಕ್ಷಾ ನಿಂದೋ, ಮಗಳದೋ?”

ನಗು ಎದ್ದಿತು. ಅಪ್ಪ ತಲೆ ಎತ್ತಲಿಲ್ಲ.

“ಇಬ್ರದೂ ಅದ. ತಡಿ.”

ಎರಡನೆಯ ಅಕ್ಷರ. ಮೂರನೆಯದು. ನಾಲ್ಕನೆಯದಕ್ಕೆ ಮತ್ತೆ ಲಕೋಟೆ ನೋಡಿದ. ಅವನ ಕತ್ತಿನಿಂದ ಬೆವರು ಅಂಗಿಯೊಳಕ್ಕೆ ಇಳಿಯಿತು. ಪೆನ್ನು ಎಸೆದುಬಿಡುತ್ತಾನೆಂದುಕೊಂಡೆ; ಅವನು ಕೊನೆಯ ಅಕ್ಷರವನ್ನೂ ಬರೆದು ಫಾರಂ ಮುಂದೆ ಸರಿಸಿದ.

ಗುಮಾಸ್ತ ಫಾರಮನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದ. ಮೊಹರು ಹೊಡೆದ. “ಸೋಮವಾರದಿಂದ ಕ್ಲಾಸು,” ಎಂದು ಮುಂದಿನವರನ್ನು ಕರೆದ.

ಹೊರಗೆ ಬಂದ ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

“ಮೈಯಾಗ ಆರಾಮಿಲ್ಲೇನಪ್ಪಾ?”

“ಕನ್ನಡ ಬರ್ಯಾಕ ಬಾರದ ನನ್ನ ಸಲುವಾಗಿ ಇವ್ರು ನಿನ್ನ ಬ್ಯಾಡ ಅಂತಾರೇನೋ ಅಂತ,” ಅಪ್ಪ ಹೇಳಿದ, “ಎಂಟ್ ದಿನಾತು, ಎದಿ ಡವಡವ ಅನ್ನಾಕತ್ತದ.”

ಅವನ ಹೆಸರು ಬರೆದಿದ್ದ ಲಕೋಟೆಯನ್ನು ಅವನ ಕೈಗಿಟ್ಟೆ. ಅವನು ಏಳುವ ತನಕ ಪಕ್ಕದಲ್ಲೇ ಕುಳಿತಿದ್ದೆ.