ಹೆಡತಲೆಯ ಕಂಪನಿಗೆ ಜೋಡಿ ಬೇಕಿತ್ತು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸಕ್ಕೆ ಸೇರಿದ್ದು ಪ್ಲಾಸ್ಟಿಕ್ ಡಬ್ಬಿಗಳನ್ನೂ ಮುಚ್ಚಳಗಳನ್ನೂ ಮಾಡುವ ಒಂದು ಕಾರ್ಖಾನೆಗೆ. ದಿನಾ ಬೆಳಿಗ್ಗೆ ಟಿ. ನರಸೀಪುರದಲ್ಲಿ ಬಸ್ಸು ಹತ್ತಿ ಬರುತ್ತಿದ್ದೆ. ಮಾಲು ಕಳಿಸುವ ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಬಿ.ಕಾಂ. ಓದಿದ್ದರಿಂದ ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು. ನಾನೇ ಬರೆಯಬೇಕೆಂದರೆ ಮಾತ್ರ ಕೈ ಬೆವರುತ್ತಿತ್ತು.

ಹೊರ ರಾಜ್ಯದ, ಹೊರ ದೇಶದ ಗಿರಾಕಿಗಳು ಬರತೊಡಗಿದ ಮೇಲೆ ಮ್ಯಾನೇಜರಿಗೆ ಒಂದು ಯೋಚನೆ ಬಂತು. ಬಂದವರಿಗೆ ಕಂಪನಿಯ ಬಗ್ಗೆ ನಾಲ್ಕು ಮಾತು ಬರೆಯಲು, ಹೇಳಲು ನಮಗೆಲ್ಲ ಬರಬೇಕು. ಅದಕ್ಕೆಂದು ಶನಿವಾರ ಶಿಫ್ಟು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಪಾಠ ಶುರುವಾಯಿತು. ಕಲಿಸಲು ಬಂದವರು ನಂಜನಗೂಡಿನವರೇ ಆದ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಹೆಗಲಿಗೆ ಬಟ್ಟೆಯ ಚೀಲ, ಬಾಯಲ್ಲಿ ಸದಾ ಒಂದು ಲವಂಗ.

ಮೊದಲ ದಿನವೇ ಅವರು ನಮ್ಮ ಭಯವನ್ನು ಅರ್ಧ ಇಳಿಸಿಬಿಟ್ಟರು. "ಕಂಪನಿಗಳ ಬಗ್ಗೆ ಬರೆಯೋ ಇಂಗ್ಲಿಷ್ ಇದೆಯಲ್ಲ, ಅದು ಬಹಳ ಬಡ ಇಂಗ್ಲಿಷ್ ಕಣ್ರಪ್ಪಾ. ಒಂದು ಹಿಡಿ ವಾಕ್ಯ ಇಟ್ಕೊಂಡು ಪ್ರಪಂಚದ ಕಂಪನಿಗಳೆಲ್ಲ ಸಂಸಾರ ಮಾಡ್ತಾ ಇದಾವೆ. ಅಷ್ಟು ನಿಮಗೂ ಬರುತ್ತೆ."

ಬೋರ್ಡಿನ ಮೇಲೆ ಆ ವಾಕ್ಯಗಳನ್ನು ಬರೆದರು. ಯಾರು ಕಟ್ಟಿದರು ಎನ್ನಲು 'ವಾಸ್ ಫೌಂಡೆಡ್ ಬೈ'. ಎಲ್ಲಿದೆ ಎನ್ನಲು 'ಈಸ್ ಬೇಸ್ಡ್ ಇನ್'. ಯಾವುದರಲ್ಲಿ ಎತ್ತಿದ ಕೈ ಎನ್ನಲು 'ಸ್ಪೆಷಲೈಸಸ್ ಇನ್'. ಏನನ್ನಾದರೂ ಹುಡುಕುತ್ತಿದ್ದರೆ 'ಈಸ್ ಲುಕಿಂಗ್ ಫಾರ್'. ಜಾಗ ಬಿಟ್ಟಿರುತ್ತಾರೆ, ನಮ್ಮ ಮಾತು ಅಲ್ಲಿ ತುಂಬಬೇಕು. ಬರೆದು ತೋರಿಸಿ ಎಂದರೆ ಇಡೀ ಕ್ಯಾಂಟೀನು ಒಂದೇ ಮಾತು ಬರೆದಿತ್ತು. ಎಲ್ಲರ ಕಂಪನಿಯೂ ನಂಜನಗೂಡಿನಲ್ಲಿತ್ತು, ಎಲ್ಲರ ಕಂಪನಿಗೂ ಡಬ್ಬಿಯಲ್ಲೇ ಎತ್ತಿದ ಕೈ. ಮೇಷ್ಟ್ರು ಆಕಳಿಸಿದರು.

"ಬೇಡ, ಬೇಡ. ಮುಂದಿನ ವಾರ ನಿಮ್ಮ ನಿಮ್ಮ ಮನೆಯನ್ನೇ ಒಂದು ಕಂಪನಿ ಅಂದ್ಕೊಂಡು ಬರ್ಕೊಂಡು ಬನ್ನಿ. ವಾಕ್ಯ ಮಾತ್ರ ಇವೇ ಇರಲಿ."

ಆ ವಾರ ಬಸ್ಸಿನಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಪ್ಪನಿಗೆ ನರಸೀಪುರ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ. ಹಗ್ಗ, ಮೂಗುದಾರ, ಎತ್ತಿನ ಕೊರಳಿನ ಗಂಟೆ, ಗೆಜ್ಜೆ ಮಾರುತ್ತಿದ್ದರು. ನಮ್ಮ ಕಂಪನಿಯನ್ನು ಸ್ಥಾಪಿಸಿದ್ದು ಅಜ್ಜಿ, ಅದರ ಕಚೇರಿ ನರಸೀಪುರದಲ್ಲಿದೆ, ಹಗ್ಗದಲ್ಲಿ ಮತ್ತು ಗಟ್ಟಿ ದನಿಯಲ್ಲಿ ಅದು ಎತ್ತಿದ ಕೈ, ಚೇರ್ಮನ್ ಅಪ್ಪ, ಆದರೆ ಎಲ್ಲ ತೀರ್ಮಾನಗಳೂ ಅಡುಗೆಮನೆಯಲ್ಲಿ ಆಗುತ್ತವೆ. ಹೀಗೆ ಬರೆದೆ. ಶನಿವಾರ ಎದ್ದು ನಿಂತು ಓದಿದಾಗ ಎಲ್ಲರೂ ನಕ್ಕರು. ಇಂಗ್ಲಿಷಿನಲ್ಲಿ ನಾನು ಹೇಳಿದ ಮಾತಿಗೆ ಜನ ನಕ್ಕಿದ್ದು ಅದೇ ಮೊದಲು. ಮೈಯೆಲ್ಲ ಹಗುರಾಯಿತು.

ನನ್ನ ನಂತರ ಎದ್ದವನು ಯಂತ್ರಗಳ ವಿಭಾಗದ ಹುಡುಗ. ಊರು ಹೆಡತಲೆ. ಅದುವರೆಗೆ ಅವನ ಜೊತೆ ನಾನು ಮಾತೇ ಆಡಿರಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಪ್ರಾರ್ಥನೆ ಹೇಳುವವನಂತೆ ಓದಿದ. ತಮ್ಮ ಕಂಪನಿ ಹೆಡತಲೆಯಲ್ಲಿದೆ. ರಾಗಿ ಮತ್ತು ಬಾಳೆಯಲ್ಲಿ ಅದು ಎತ್ತಿದ ಕೈ. ಕೊನೆಯ ವಾಕ್ಯ: "ಅವರ್ ಕಂಪನಿ ಈಸ್ ಲುಕಿಂಗ್ ಫಾರ್ ಎ ಗುಡ್ ಪಾರ್ಟ್ನರ್."

ಕ್ಯಾಂಟೀನು ಹೋ ಎಂದಿತು. ಯಾರೋ ಶಿಳ್ಳೆ ಹಾಕಿದರು. ಅವನು ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದ.

ಮೇಷ್ಟ್ರು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ ಕೇಳಿದರು, "ಯಾರಿಗಪ್ಪಾ ಪಾರ್ಟ್ನರ್ರು?"

"ಎತ್ಗೆ ಸಾ!"

"ಏನು?"

"ನಮ್ಮ ಎತ್ಗೆ. ಒಂದು ವಯಸ್ಸಾಗಿ ಓಯ್ತು. ಇನ್ನೊಂದು ಒಂಟಿ ಆಗ್ಬುಟ್ಟದೆ. ಅದ್ಕೆ ಸರಿಯಾದ ಜೋಡಿ ಸಿಕ್ತಾನೇ ಇಲ್ಲ."

ಆಮೇಲೆ ಪಾಠ ನಡೆಯಲಿಲ್ಲ. ಮೇಷ್ಟ್ರೇ ಕುರ್ಚಿಯಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಹೊರಗೆ ಬಂದಾಗ ನನಗೇ ಪಾಪವೆನ್ನಿಸಿ ಹತ್ತಿರ ಹೋದೆ.

"ಎತ್ತು ಯಾವ ತರದ್ದು?"

"ಹಳ್ಳಿಕಾರು ಮೇಡಂ. ಬಿಳೀದು. ಕೊಂಬು ನೆಟ್ಟಗವೆ."

"ನಮ್ಮಪ್ಪನ್ನ ಕೇಳ್ತೀನಿ. ಸುತ್ತಿನ ಊರಲ್ಲಿ ಯಾವ ಎತ್ತು ಯಾರ ಮನೇಲಿದೆ ಅಂತ ಅವ್ರಿಗೆ ಗೊತ್ತಿರುತ್ತೆ. ಮೂಗುದಾರ ತಗೊಳ್ಳೋಕೆ ಎಲ್ಲ ನಮ್ಮ ಅಂಗಡಿಗೇ ಬರೋದು."

ಅಪ್ಪನಿಗೆ ಹೇಳಿದ್ದೇ ತಡ, ಊಟದ ತಟ್ಟೆ ಬಿಟ್ಟು ಫೋನು ಹಿಡಿದರು. ತಲಕಾಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಥದೇ ಒಂಟಿ ಎತ್ತು ಇತ್ತು. ಭಾನುವಾರ ಅವನು ತನ್ನ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವನ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಎತ್ತು ನೋಡುವುದು, ಹಲ್ಲು ಎಣಿಸುವುದು ಎಲ್ಲ ಆ ತಾಯಿಯದೇ. ಅವ್ವ ಕೊಟ್ಟ ಉಪ್ಪಿಟ್ಟು ತಿಂದು ಅವರಿಬ್ಬರೂ ಅಪ್ಪನೂ ತಲಕಾಡಿನ ಕಡೆ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಅಪ್ಪನ ಮುಖ ಅರಳಿತ್ತು.

"ಜೋಡಿ ಅಂದ್ರೆ ಜೋಡಿ ಕಣೇ! ಎತ್ರ, ಬಣ್ಣ, ನಡಿಗೆ, ಎಲ್ಲ ಒಂದೇ. ಆ ಉಡುಗ ಹೋದೋನೇ ಅದರ ಕೊರಳ ಕೆಳಗಿನ ಗಂಗೆದೊಗಲು ಸವರಿದ. ಅದೂ ಸುಮ್ಕೆ ನಿಂತ್ಕೊಂಡ್ತು. ಎತ್ತಿಗೆ ಮನುಷ್ಯರ ಗುಣ ಗೊತ್ತಾಯ್ತದೆ."

ಅವ್ವ ಆ ತಾಯಿಯ ಹತ್ತಿರ ಊರು, ಬಂಧು ಬಳಗ ಎಲ್ಲ ವಿಚಾರಿಸಿಕೊಂಡಳು. ಎರಡೂ ಮನೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರೆಂದು ಗೊತ್ತಾದಾಗ ಇನ್ನೊಂದು ಲೋಟ ಕಾಫಿ ಬಂತು.

ಕೆಲವು ದಿನಗಳ ಮೇಲೆ, ನಂಜನಗೂಡಿನ ಬಸ್ ನಿಲ್ದಾಣದಲ್ಲಿ ನಾನು ನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ. ಎರಡು ಎತ್ತೂ ಹೊಂದಿಕೊಂಡವು, ಒಂದೇ ಗೊಂತಿನಲ್ಲಿ ಮೇವು ತಿನ್ನುತ್ತವೆ ಎಂದು ಹೇಳಿದ. ನಾನು ಸಂತೋಷ ಎಂದೆ. ಬಸ್ಸು ಬಂದು ನಿಂತಿತು.

"ಮೇಡಂ, ಅವತ್ತು ಬರೆದ ಕೊನೇ ವಾಕ್ಯ ಇನ್ನೂ ಅಂಗೇ ಅದೆ."

"ಪಾರ್ಟ್ನರ್ದಾ? ಎತ್ತಿಗೆ ಸಿಕ್ತಲ್ಲ?"

"ಎತ್ಗೆ ಸಿಕ್ತು," ಎಂದು ಅವನು ಬಸ್ಸಿನ ಬೋರ್ಡು ಓದುತ್ತಾ ನಿಂತ.

ನಾನು ಬಸ್ಸು ಹತ್ತಿದೆ. ಕಿಟಕಿಗೆ ಮುಖ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಊರು ಬರುವವರೆಗೂ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಲ್ಲುನೋವೇ ಎಂದು ಕೇಳಿದರು.

ಮುಂದಿನ ಶನಿವಾರದ ಪಾಠ, ಎರಡು ಕಂಪನಿಗಳು ಸೇರುವಾಗ ಬಳಸುವ ಮಾತುಗಳು. ಮೇಷ್ಟ್ರು ಮೂರು ಬಗೆ ವಿವರಿಸಿದರು. ಎರಡೂ ಕರಗಿ ಒಂದಾದರೆ 'ಮರ್ಜರ್'. ಒಂದು ಇನ್ನೊಂದನ್ನು ನುಂಗಿದರೆ 'ಟೇಕೋವರ್'. ಎರಡೂ ತಮ್ಮ ತಮ್ಮ ಪಾಡಿಗೆ ಉಳಿದು, ಕೂಡಿ ಮೂರನೆಯದನ್ನು ಕಟ್ಟಿದರೆ 'ಜಾಯಿಂಟ್ ವೆಂಚರ್'. ಅವನು ಮುಂದಿನ ಬೆಂಚಿನಲ್ಲಿದ್ದ. ನಾನು ಎದ್ದು ನಿಂತೆ.

"ಸರ್, ಪಾರ್ಟ್ನರ್ ಬೇಕು ಅಂತ ಒಂದು ಕಂಪನಿ ಕೇಳಿದ್ರೆ, ಇನ್ನೊಂದು ಕಂಪನಿ 'ಟೇಕೋವರ್ ಆದ್ರೆ ಬೇಡ, ಜಾಯಿಂಟ್ ವೆಂಚರ್ ಆದ್ರೆ ಒಪ್ಪಿಗೆ' ಅನ್ನಬಹುದಾ?"

"ಧಾರಾಳವಾಗಿ ಅನ್ನಬಹುದಮ್ಮ," ಎಂದರು ಮೇಷ್ಟ್ರು.

ಮುಂದಿನ ಬೆಂಚಿನವನು ಮೆಲ್ಲಗೆ ಹಿಂದಕ್ಕೆ ತಿರುಗಿದ. ಅಂಥ ಸಂತೋಷ ತುಂಬಿದ ಮುಖವನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಮನೆಯಲ್ಲಿ ಹೇಳುವುದು ಕಷ್ಟವಾಗಲಿಲ್ಲ. ಅಪ್ಪ ಆ ಎತ್ತಿನ ದಿನವೇ ಒಲಿದುಬಿಟ್ಟಿದ್ದರು. ಮಾತು ಸಿಕ್ಕಿಕೊಂಡದ್ದು ಅವನ ತಾಯಿ ಕೇಳಿದ ಒಂದೇ ಪ್ರಶ್ನೆಗೆ.

"ಕೆಲ್ಸ ಬುಟ್ಬುಟ್ಟು ನಮ್ಮೂರಿಗೆ ಬಂದ್ಬುಡವ್ವ. ಮನೆ, ದನ ನೋಡ್ಕೊಳಕೆ ಒಬ್ರು ಬೇಕಲ್ವಾ?"

ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳತೊಡಗಿದೆ. ಮೇಷ್ಟ್ರು ಹೇಳಿಕೊಟ್ಟ ಮೂರು ಬಗೆಯನ್ನೂ ಇಬ್ಬರು ತಾಯಂದಿರಿಗೆ ಕನ್ನಡದಲ್ಲಿ ವಿವರಿಸಿದೆ. ನುಂಗುವುದು, ಕರಗುವುದು, ಕೂಡಿ ಕಟ್ಟುವುದು. ಅವ್ವ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದಳು.

"ಅಂಗಾದ್ರೆ ನಂದು ಯಾವ್ದು?"

"ಟೇಕೋವರ್ರೇ ಕಣವ್ವ," ಎಂದೆ.

ಜಗಲಿಯಿಂದ ಅಪ್ಪನ ದನಿ ಬಂತು. "ಯಾರು ಯಾರನ್ನ ನುಂಗಿದ್ದು ಅಂತ ಸರಿಯಾಗಿ ಕೇಳೇ ನಿಮ್ಮವ್ವನ್ನ!"

ಮೊದಲು ನಕ್ಕಿದ್ದು ಅವನ ತಾಯಿ. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು. "ನಂದೂ ಅದೇ ಆಗಿತ್ತು ಕಣವ್ವ. ಎಲ್ಲಿ ಕೇಳೋರಿದ್ರು ಆಗ. ನೀವು ಆ ಮೂರ್ನೇದ್ನೇ ಮಾಡಿ. ದನ ನೋಡ್ಕೊಳಕೆ ನಾನಿಲ್ವಾ, ನನಗೇನು ಕೈ ಬಿದ್ದೋಯ್ತಾ?"

ಹೀಗೆ ನಾವು ಹೆಡತಲೆಗೂ ಹೋಗಲಿಲ್ಲ, ನರಸೀಪುರದಲ್ಲೂ ಉಳಿಯಲಿಲ್ಲ. ಮದುವೆಯಾದ ಮೇಲೆ ನಂಜನಗೂಡಿನಲ್ಲಿ ಕಪಿಲೆಯ ಗಾಳಿ ಬೀಸುವ ಒಂದು ಬೀದಿಯಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದೆವು. ಹಾಲುಕ್ಕಿಸುವ ದಿನ ಎರಡೂ ಕಡೆಯವರು ಬಂದಿದ್ದರು. ಹಾಲಿನ ಪಾತ್ರೆ ಒಲೆಗೆ ಯಾರು ಇಡಬೇಕು ಎಂದು ತಾಯಂದಿರಿಬ್ಬರೂ "ನೀವಿಡಿ, ನೀವಿಡಿ" ಎನ್ನುತ್ತಾ ಬಹಳ ಹೊತ್ತು ಉಪಚಾರ ಮಾಡಿಕೊಂಡರು. ಕೊನೆಗೆ ಆಚೆ ಒಬ್ಬರು, ಈಚೆ ಒಬ್ಬರು ಹಿಡಿದು ಇಟ್ಟರು. ಮಾತಿನ ಭರದಲ್ಲಿ ಉರಿ ತಗ್ಗಿಸುವುದನ್ನು ಇಬ್ಬರೂ ಮರೆತರು. ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯಿಂದ ನೆಲಕ್ಕೆ ಹರಿದು, ಅಪ್ಪನ ಹೊಸ ಪಂಚೆಯ ಅಂಚನ್ನು ನೆನೆಸಿತು. "ಒಳ್ಳೇದೇ ಆಯ್ತು ಬಿಡಿ," ಎಂದು ಅತ್ತೆ ಒರೆಸುವ ಬಟ್ಟೆ ಹುಡುಕುತ್ತಿದ್ದರೆ, ನನ್ನ ಗಂಡ ಇನ್ನೊಂದು ಪ್ಯಾಕೆಟ್ ಹಾಲು ತರಲು ಮೆಟ್ಟಿಲು ಇಳಿದು ಓಡುತ್ತಿದ್ದ.